ವಾರಸುದಾರರು ಎಲ್ಲೋ ಇದ್ದಾರೆ

ಮಳೆಗಾಲದಲ್ಲಿ ಶಿವಮೊಗ್ಗದ ದಿನಪತ್ರಿಕೆಗಳ ಒಳಪುಟಗಳಲ್ಲಿ ಆರೇಳು ಸಾಲಿನ ಒಂದು ಸುದ್ದಿ ಆಗಾಗ ಕಾಣಿಸುತ್ತದೆ. ಅಪರಿಚಿತ ಶವ ಪತ್ತೆ. ವಯಸ್ಸು ಸುಮಾರು ಇಷ್ಟು, ಎತ್ತರ ಇಷ್ಟು ಅಡಿ, ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಮೈಮೇಲೆ ಇಂಥ ಬಣ್ಣದ ಅಂಗಿ. ಶವ ಮೆಗ್ಗಾನ್ ಆಸ್ಪತ್ರೆಯ ಶವಾಗಾರದಲ್ಲಿದೆ, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕಾಫಿ ಕುಡಿಯುತ್ತಾ ಅದನ್ನು ಓದಿದವರು ಒಂದು ಗಳಿಗೆ ಮರುಗಿ ಪುಟ ತಿರುವುತ್ತಾರೆ. ಅದನ್ನು ನಿಜಕ್ಕೂ ಓದಬೇಕಾದವರು ಕೊಪ್ಪಳದ ಒಂದು ಹಳ್ಳಿಯಲ್ಲೋ ಅಸ್ಸಾಮಿನ ಒಂದು ನದಿದಂಡೆಯಲ್ಲೋ ಇರಬಹುದು. ಅವರಿಗೆ ಈ ಪತ್ರಿಕೆ ಹೋಗುವುದಿಲ್ಲ. ಹೋದರೂ ಹಲವರಿಗೆ ಕನ್ನಡ ಬರುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ನೀರಿನ ತಾಲ್ಲೂಕುಗಳು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು, ಸಾಗರದಲ್ಲಿ ಲಿಂಗನಮಕ್ಕಿಯ ಹಿನ್ನೀರಾಗಿ ಹರಡಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಶೃಂಗೇರಿಯಿಂದ ಬರುವ ತುಂಗೆ ತೀರ್ಥಹಳ್ಳಿ ಪೇಟೆಯ ಮಗ್ಗುಲಲ್ಲೇ ಹರಿದು, ಮಂಡಗದ್ದೆ ದಾಟಿ ಗಾಜನೂರು ಅಣೆಕಟ್ಟೆಯಲ್ಲಿ ನಿಲ್ಲುತ್ತಾಳೆ. ವಾರಾಹಿಗೆ ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ಅಣೆಕಟ್ಟು ಕಟ್ಟಿದೆ. ಈ ನೀರಿಗೆ ಠಾಣೆಯ ಸರಹದ್ದಾಗಲಿ ತಾಲ್ಲೂಕಿನ ಗಡಿಯಾಗಲಿ ಗೊತ್ತಿಲ್ಲ. ಮೇಲಿನ ಊರಿನಲ್ಲಿ ಕಾಲು ಜಾರಿದವನ ದೇಹ ಕೆಳಗಿನ ಊರಿನಲ್ಲಿ ದಡ ಸೇರುತ್ತದೆ. ಕಾಣೆಯಾದ ದೂರು ಒಂದು ಠಾಣೆಯಲ್ಲಿ, ಸಿಕ್ಕ ಹೆಣ ಇನ್ನೊಂದು ಠಾಣೆಯಲ್ಲಿ. ಎರಡೂ ಕಡತಗಳು ಒಂದೇ ಮನುಷ್ಯನವು ಎಂದು ಯಾರೋ ಒಬ್ಬರು ಕೂತು ಹೊಂದಿಸಿ ನೋಡಬೇಕು.

ಹೊಂದಿಸಲು ಆಧಾರ ಬೇಕು. ನೀರು ಮೊದಲು ಅಳಿಸುವುದೇ ಆ ಆಧಾರಗಳನ್ನು.

ಮುಳುಗಿದ ದೇಹ ಸಾಮಾನ್ಯವಾಗಿ ತಳಕ್ಕೆ ಹೋಗುತ್ತದೆ. ಒಳಗಿನ ಸೂಕ್ಷ್ಮಜೀವಿಗಳು ಕೊಳೆಸುತ್ತಾ ಅನಿಲ ತುಂಬಿದಂತೆ ಮೇಲೇಳುತ್ತದೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಇದಕ್ಕೆ ಎರಡು ಮೂರು ದಿನ ಸಾಕು. ಆಳದ ತಣ್ಣೀರಿನಲ್ಲಿ ವಾರಗಳೇ ಬೇಕಾಗಬಹುದು, ಕೆಲವೊಮ್ಮೆ ಮೇಲೇಳುವುದೇ ಇಲ್ಲ. ಲಿಂಗನಮಕ್ಕಿಯಲ್ಲಿ ಇನ್ನೂ ಒಂದು ತೊಡಕಿದೆ. 1964ರಲ್ಲಿ ನೀರು ನಿಂತಾಗ ಮುಳುಗಿದ ಕಾಡಿನ ಬೊಡ್ಡೆಗಳು ಇವತ್ತಿಗೂ ತಳದಲ್ಲಿ ನಿಂತಿವೆ. ಅವಕ್ಕೆ ಸಿಕ್ಕಿಕೊಂಡದ್ದನ್ನು ಹುಡುಕುವುದು ಮುಳುಗು ತಜ್ಞರಿಗೂ ಕಷ್ಟ. ಮೀನು, ಏಡಿ, ಆಮೆಗಳು ಮೊದಲು ಮುಟ್ಟುವುದು ಮುಖದ ಮೆದು ಭಾಗಗಳನ್ನು: ತುಟಿ, ರೆಪ್ಪೆ, ಕಿವಿಯ ಹಾಲೆ. ಮೈ ಊದಿಕೊಂಡು ಬಣ್ಣ ಬದಲಾಗುತ್ತದೆ. ಎಣ್ಣೆಗೆಂಪು, ಸಾಧಾರಣ ಮೈಕಟ್ಟು ಎಂಬ ಮಾತುಗಳಿಗೆ ಆಗ ಅರ್ಥವೇ ಇರುವುದಿಲ್ಲ. ಐದು ದಿನ ನೀರಿನಲ್ಲಿದ್ದ ಮಗನನ್ನು ಹೆತ್ತ ತಾಯಿ ಗುರುತಿಸಲಾರದೆ ಹೋಗಬಹುದು. ತನ್ನ ಮಗನಲ್ಲದವನನ್ನು ಮಗನೆಂದು ತಬ್ಬಿಕೊಳ್ಳಲೂಬಹುದು. ಅದು ಅವಳ ತಪ್ಪಲ್ಲ. ಕಣ್ಣಿನ ಗುರುತಿಗೆ ಇರುವ ಮಿತಿಯೇ ಅಷ್ಟು.

ಮುಖ ಹೋದ ಮೇಲೂ ಉಳಿಯುವುದು ಬಹಳವಿದೆ. ನೀರಿನಲ್ಲಿ ನೆನೆದ ಕೈಯ ಚರ್ಮ ಕೈಗವಸು ಕಳಚಿದಂತೆ ಬಿಟ್ಟುಕೊಳ್ಳುತ್ತದೆ. ಅನುಭವಿ ತಜ್ಞರು ಆ ಚರ್ಮವನ್ನೇ ತಮ್ಮ ಬೆರಳಿಗೆ ತೊಡಿಸಿಕೊಂಡು ಅಚ್ಚು ತೆಗೆಯುತ್ತಾರೆ. ಹಲ್ಲು ಬೆಂಕಿಗೂ ನೀರಿಗೂ ಬಹುಮಟ್ಟಿಗೆ ಜಗ್ಗುವುದಿಲ್ಲ. ಅದರ ಒಳತಿರುಳಿನಲ್ಲೂ ತೊಡೆಯ ಗಟ್ಟಿ ಮೂಳೆಯಲ್ಲೂ ಡಿಎನ್‌ಎ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಹಳೆಯ ಮೂಳೆಮುರಿತ, ಒಳಗಿಟ್ಟ ಸ್ಟೀಲ್ ಪ್ಲೇಟು, ಹಚ್ಚೆ, ಉಡುದಾರಕ್ಕೆ ಕಟ್ಟಿದ ತಾಯಿತ ಎಲ್ಲವೂ ಮಾತಾಡುತ್ತವೆ. ಆದರೆ ಒಂದು ಷರತ್ತಿದೆ. ಆ ಬೆರಳಚ್ಚನ್ನು, ಆ ಹಲ್ಲಿನ ಸಾಲನ್ನು, ಆ ಡಿಎನ್‌ಎಯನ್ನು ಹೋಲಿಸಲು ಇನ್ನೊಂದು ಕಡೆಯಿಂದ ಏನಾದರೂ ಬರಬೇಕು. ಹೆಣದಿಂದ ಎಷ್ಟೇ ಮಾಹಿತಿ ತೆಗೆದರೂ ಬದುಕಿರುವವರ ಕಡೆಯ ಮಾಹಿತಿ ಇಲ್ಲದಿದ್ದರೆ ಅದು ಉತ್ತರವಿಲ್ಲದ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಇಂಟರ್‌ಪೋಲ್ ಸಂಸ್ಥೆ ದೊಡ್ಡ ದುರಂತಗಳಿಗೆಂದು ರೂಪಿಸಿರುವ ಪದ್ಧತಿ ನಿಂತಿರುವುದೇ ಇದರ ಮೇಲೆ. ಅಲ್ಲಿ ಎರಡು ಬಣ್ಣದ ನಮೂನೆಗಳಿವೆ. ಗುಲಾಬಿ ಹಾಳೆಯಲ್ಲಿ ಶವದ ವಿವರ, ಹಳದಿ ಹಾಳೆಯಲ್ಲಿ ಕಾಣೆಯಾದವರ ವಿವರ. ಹಳದಿಯನ್ನು ಮನೆಯವರ ಜೊತೆ ತಾಳ್ಮೆಯಿಂದ ಕೂತು ತುಂಬಬೇಕು. ಬೆರಳಚ್ಚು, ಹಲ್ಲು, ಡಿಎನ್‌ಎ ಈ ಮೂರನ್ನು ಮುಖ್ಯ ಸಾಕ್ಷ್ಯವೆಂದು ಎಣಿಸುತ್ತಾರೆ. ಬಟ್ಟೆ, ಒಡವೆ, ಹಚ್ಚೆ ಪೂರಕ. ಕಣ್ಣಿಂದ ನೋಡಿ ಹೇಳಿದ್ದನ್ನಷ್ಟೇ ನಂಬಿ ಶವ ಒಪ್ಪಿಸಬಾರದು.

ನಮ್ಮಲ್ಲಿ ಗುಲಾಬಿ ಹಾಳೆಯ ಕೆಲಸ ಒಂದು ಮಟ್ಟಕ್ಕೆ ನಡೆಯುತ್ತದೆ. ಅಸಹಜ ಸಾವಾದರೆ ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಿಸುತ್ತಾರೆ. ಊರಿನ ಇಬ್ಬರಾದರೂ ಪಂಚರ ಎದುರು ಪಂಚನಾಮೆ ಆಗುತ್ತದೆ, ಆಮೇಲೆ ಮರಣೋತ್ತರ ಪರೀಕ್ಷೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಹೇಳುತ್ತಿದ್ದುದನ್ನು 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಹೇಳುತ್ತದೆ. ಹೊಳೆಯ ದಂಡೆಯಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ನಿಂತು ಪಂಚನಾಮೆ ಬರೆಯುವ ಪೇದೆಗಳನ್ನು, ಊದಿದ ದೇಹವನ್ನು ತೆಪ್ಪಕ್ಕೆ ಎಳೆದು ತರುವ ಊರಿನ ಹುಡುಗರನ್ನು ನಾವು ಸಾಕಷ್ಟು ಗೌರವಿಸಿಲ್ಲ. ಮಲ್ಪೆಯ ಮುಳುಗು ತಜ್ಞ ಈಶ್ವರ್ ಅಂಥವರು ಕರೆದಲ್ಲಿಗೆ ಓಡಿಬಂದು ನೀರಿಗಿಳಿಯುತ್ತಾರೆ. ಚಿತ್ರದುರ್ಗದ ಜ್ಯೋತಿರಾಜ್ ಜೋಗದ ಬಂಡೆಗಳಲ್ಲಿ ಶವಕ್ಕಾಗಿ ಇಳಿದಿದ್ದಾರೆ. ಇವರೆಲ್ಲ ಮಾಡುವುದು ಗುಲಾಬಿ ಹಾಳೆಯ ಕೆಲಸ. ಬಡವಾಗಿರುವುದು ಹಳದಿ ಹಾಳೆ.

ಅದು ಎಲ್ಲಕ್ಕಿಂತ ಬಡವಾಗಿರುವುದು ವಲಸೆ ಬಂದವರ ವಿಷಯದಲ್ಲಿ. ಈ ಮೂರು ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ, ಕಟ್ಟಡ ಮತ್ತು ರಸ್ತೆ ಕೆಲಸಗಳಲ್ಲಿ ಈಗ ಬಯಲುಸೀಮೆಯವರಿದ್ದಾರೆ, ಅಸ್ಸಾಮ್, ಬಿಹಾರ, ಜಾರ್ಖಂಡ್‌ನವರೂ ಇದ್ದಾರೆ. ಮೇಸ್ತ್ರಿಯೊಬ್ಬ ತಂಡ ಕಟ್ಟಿಕೊಂಡು ಬರುತ್ತಾನೆ. ತೋಟದವರಿಗೆ ಗೊತ್ತಿರುವುದು ಆ ಮೇಸ್ತ್ರಿಯ ಫೋನ್ ನಂಬರ್ ಮಾತ್ರ. ತಂಡದಲ್ಲಿರುವ ಹುಡುಗ ಎಲ್ಲರ ಬಾಯಲ್ಲಿ ಬರೀ ರಾಜು, ಅಥವಾ ಅಸ್ಸಾಮಿ. ಭಾನುವಾರ ಸಂಜೆ ಹೊಳೆಗೆ ಸ್ನಾನಕ್ಕೆ ಹೋದವನು ತಿರುಗಿ ಬರದಿದ್ದರೆ ‘ಊರಿಗೆ ಹೋಗಿರಬೇಕು, ಹೇಳದೆ ಹೋದ’ ಎಂದು ಸುಮ್ಮನಾಗುವುದು ಸುಲಭ. ಅಲ್ಲಿ ಮನೆಯವರು ‘ಕೆಲಸದಲ್ಲಿದ್ದಾನೆ, ಫೋನ್ ಕೆಟ್ಟಿರಬೇಕು’ ಎಂದುಕೊಂಡಿರುತ್ತಾರೆ. ಎರಡೂ ಕಡೆ ಯಾರೂ ದೂರು ಕೊಡುವುದಿಲ್ಲ. ಹಳದಿ ಹಾಳೆ ಹುಟ್ಟುವುದೇ ಇಲ್ಲ.

ಇದಕ್ಕೆ ಕಾನೂನು ಇರಲಿಲ್ಲವೆಂದಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನಿಗೆ ಎರಡು ಹೊಣೆ ಹೊರಿಸಿತ್ತು. ಪ್ರತಿ ಕಾರ್ಮಿಕನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು. ಅವನು ಅಪಘಾತದಲ್ಲಿ ಸತ್ತರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೂ ಹತ್ತಿರದ ಬಂಧುಗಳಿಗೂ ತಿಳಿಸಬೇಕು. ಆ ಪಾಸ್‌ಬುಕ್ ಪ್ರತಿಯೊಬ್ಬರ ಕೈಯಲ್ಲಿದ್ದಿದ್ದರೆ ಎಷ್ಟೋ ಅಪರಿಚಿತರು ಅಪರಿಚಿತರಾಗುತ್ತಿರಲಿಲ್ಲ.

ದುಡಿಯಲು ದೂರ ಹೋದವರ ಗುರುತು ಹೇಗೆ ಕಳೆದುಹೋಗುತ್ತದೆ ಎಂಬುದಕ್ಕೆ ಕನ್ನಡ ನಾಡು ಕಂಡ ಅತಿ ದೊಡ್ಡ ಉದಾಹರಣೆ ಇರುವುದು ಘಟ್ಟದ ಕೆಳಗೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ರನ್‌ವೇ ದಾಟಿ ಕಣಿವೆಗೆ ಉರುಳಿ ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ ಉಳಿದವರು 8 ಜನ. ಸತ್ತ 158 ಮಂದಿಯಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರು. ಗಲ್ಫಿನಲ್ಲಿ ದುಡಿಯುತ್ತಿದ್ದವರು, ಮದುವೆಗೆ, ಮಣ್ಣಿಗೆ, ಮಗುವಿನ ಮುಖ ನೋಡಲು ಬರುತ್ತಿದ್ದವರು, ಅವರ ಹೆಂಡತಿ ಮಕ್ಕಳು.

ಅಲ್ಲಿ ಕೆಡಿಸಿದ್ದು ನೀರಲ್ಲ, ಬೆಂಕಿ. ಪರಿಣಾಮ ಒಂದೇ. ಮಂಗಳೂರಿನ ಶವಾಗಾರಗಳಲ್ಲಿ ಸಾಲಾಗಿ ಮಲಗಿಸಿದ ಕರಕಲಾದ ದೇಹಗಳ ನಡುವೆ ಮನೆಯವರು ಉಂಗುರ, ವಾಚು, ಬೆಲ್ಟಿನ ಬಕಲು, ಸುಡದೆ ಉಳಿದ ಬಟ್ಟೆಯ ಚೂರು ನೋಡಿ ತಮ್ಮವರನ್ನು ಹುಡುಕಿದರು. ಬೇಸಿಗೆಯ ಕೊನೆ, ದೇಹಗಳು ಉಳಿಯುವ ಸ್ಥಿತಿಯಲ್ಲಿಲ್ಲ, ಧರ್ಮದ ಪ್ರಕಾರ ಬೇಗ ಮಣ್ಣು ಮಾಡಬೇಕು, ಹೊರಗೆ ಊರಿಗೆ ಊರೇ ಕಾದು ನಿಂತಿದೆ. ಬಹುಪಾಲು ಶವಗಳು ಕಣ್ಣಿನ ಗುರುತಿನ ಮೇಲೆಯೇ ಹೋದವು. ಗುರುತಾಗದೆ ಉಳಿದವುಗಳ ಮಾದರಿಯನ್ನು ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರಕ್ಕೆ ಕಳಿಸಿ, ಕಾಯುತ್ತಿದ್ದ ಕುಟುಂಬಗಳ ರಕ್ತದೊಂದಿಗೆ ಹೋಲಿಸಿದರು. ಕೆಲವು ಹೊಂದಿದವು. 12 ಶವಗಳು ಹೊಂದಲಿಲ್ಲ. ತಮ್ಮವರ ದೇಹವೇ ಸಿಗದ ಕುಟುಂಬಗಳು ಎದುರಿಗಿದ್ದವು, ಯಾರದೆಂದು ತಿಳಿಯದ ಶವಗಳೂ ಎದುರಿಗಿದ್ದವು, ಆದರೂ ರಕ್ತ ಒಂದಾಗಲಿಲ್ಲ. ಹಾಗಾದರೆ ಅವರು ಹುಡುಕುತ್ತಿದ್ದ ದೇಹಗಳು ಅದಾಗಲೇ ಬೇರೆಯವರ ಕೈಸೇರಿ ಮಣ್ಣಾಗಿರಬೇಕು ಅಥವಾ ಚಿತೆಯೇರಿರಬೇಕು.

ಆ 12 ಶವಗಳನ್ನು ಕೂಳೂರಿನ ಹತ್ತಿರ ತಣ್ಣೀರುಬಾವಿ ರಸ್ತೆಯಲ್ಲಿ, ಫಲ್ಗುಣಿ ನದಿಯ ದಂಡೆಯ ಮೇಲೆ ಒಟ್ಟಿಗೆ ಮಣ್ಣು ಮಾಡಿದರು. ಅಲ್ಲೊಂದು ಸ್ಮಾರಕವಿದೆ. ಪ್ರತಿ ಮೇ 22ರಂದು ಜಿಲ್ಲಾಡಳಿತ ಹೂವಿಡುತ್ತದೆ. ಮೃತರ ಪಟ್ಟಿ ಪೂರ್ತಿ ಇತ್ತು, ಪ್ರಯಾಣಿಕರ ಹೆಸರು, ಪಾಸ್‌ಪೋರ್ಟ್, ವಿಳಾಸ ಎಲ್ಲ ಇತ್ತು. ವಲಸಿಗರ ದೋಣಿದುರಂತಗಳಿಗೆ ಇಷ್ಟು ಅಚ್ಚುಕಟ್ಟಾದ ಪಟ್ಟಿ ಇರುವುದಿಲ್ಲ. ಇಷ್ಟಿದ್ದೂ 12 ದೇಹಗಳಿಗೆ ಹೆಸರು ಕೊಡಲಾಗಲಿಲ್ಲ. ಕೆಲವು ದಿನ ತಡೆದು, ಪ್ರತಿಯೊಂದು ದೇಹದ ಮಾದರಿಯನ್ನೂ ಹೋಲಿಸಿಯೇ ಒಪ್ಪಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಆ ದಿನಗಳಲ್ಲಿ ಶವಾಗಾರದ ಬಾಗಿಲಲ್ಲಿ ನಿಂತವರಿಗೆ ‘ಇನ್ನೂ ಕಾಯಿರಿ’ ಎಂದು ಹೇಳುವ ಗಟ್ಟಿತನ ಎಷ್ಟು ಕಷ್ಟದ್ದೆಂಬುದೂ ನನಗೆ ಅರ್ಥವಾಗುತ್ತದೆ.

ಪಟ್ಟಿಯೇ ಇಲ್ಲದವರ ಕಥೆ ಮೆಡಿಟರೇನಿಯನ್ ಕಡಲಿನದು. ಆಫ್ರಿಕದಿಂದ, ಪಶ್ಚಿಮ ಏಷ್ಯಾದಿಂದ ಯುರೋಪಿಗೆ ಹೊರಟು ಆ ಕಡಲಿನಲ್ಲಿ ಸತ್ತವರ, ಕಾಣೆಯಾದವರ ಸಂಖ್ಯೆ 2014ರಿಂದೀಚೆಗೆ 30 ಸಾವಿರ ದಾಟಿದೆ ಎಂದು ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ಲೆಕ್ಕ ಹೇಳುತ್ತದೆ. 2015ರ ಏಪ್ರಿಲ್ 18ರಂದು ಲಿಬಿಯಾದಾಚೆ ಮುಳುಗಿದ ಒಂದು ಮೀನುಗಾರಿಕೆ ದೋಣಿಯಲ್ಲಿ 800ಕ್ಕೂ ಹೆಚ್ಚು ಜನ ಇದ್ದರು. ಮರುವರ್ಷ ಇಟಲಿ ಸರ್ಕಾರ ಸುಮಾರು 370 ಮೀಟರ್ ಆಳದಿಂದ ಆ ದೋಣಿಯನ್ನೇ ಮೇಲೆತ್ತಿ ಸಿಸಿಲಿಯ ದಡಕ್ಕೆ ತಂದಿತು. ಅಗ್ನಿಶಾಮಕ ಸಿಬ್ಬಂದಿ ದೋಣಿಯ ಹೊಟ್ಟೆಯೊಳಗೆ ಇಳಿದು ದೇಹಗಳನ್ನು ಹೊರತೆಗೆದರು. ಮಿಲಾನ್ ವಿಶ್ವವಿದ್ಯಾಲಯದ ವಿಧಿವಿಜ್ಞಾನಿ ಕ್ರಿಸ್ಟಿನಾ ಕತಾನೆಯೊ ಮತ್ತು ಅವರ ಜೊತೆಯವರು ಒಂದೊಂದನ್ನೂ ಪರೀಕ್ಷಿಸಿದರು. ಮಾಲಿ ದೇಶದ ಒಬ್ಬ ಹುಡುಗನ ಜಾಕೆಟ್ಟಿನ ಒಳಗೆ ಹೊಲಿದು ಇಟ್ಟ ಒಂದು ಕಾಗದ ಅವರಿಗೆ ಸಿಕ್ಕಿತು. ಅದು ಅವನ ಶಾಲೆಯ ಅಂಕಪಟ್ಟಿ. ಒಳ್ಳೆಯ ಅಂಕ ಬಂದಿತ್ತು. ಯುರೋಪಿನಲ್ಲಿ ಯಾರಿಗಾದರೂ ತೋರಿಸಿದರೆ ತನ್ನನ್ನು ಓದಲು ಬಿಡುತ್ತಾರೆ ಎಂದು ಅದನ್ನು ಅಷ್ಟು ಜೋಪಾನ ಮಾಡಿದ್ದಿರಬೇಕು.

ಕತಾನೆಯೊ ಅವರ ಕೆಲಸದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇನ್ನೊಂದು ಸಂಗತಿ. ವಿಮಾನ ಬಿದ್ದರೆ ಓಡಿ ಬರುವ ಸರ್ಕಾರಗಳು ಈ ದೋಣಿಗಳ ಸತ್ತವರನ್ನು ಏಕೆ ಹಾಗೆ ನೋಡುವುದಿಲ್ಲ ಎಂದು ಅವರು ಕೇಳಿದರು. 2013ರ ಅಕ್ಟೋಬರ್ 3ರಂದು ಲ್ಯಾಂಪೆಡೂಸಾ ದ್ವೀಪದ ಬಳಿ ಸತ್ತ 360ಕ್ಕೂ ಹೆಚ್ಚು ಜನರ ಬಂಧುಗಳಿಗೆ ಬಂದು ವಿವರ ಕೊಡುವಂತೆ ಕರೆ ಹೋಯಿತು. ಬಂಧುಗಳು ಹಲ್ಲುಜ್ಜುವ ಬ್ರಷ್ಷು, ಕೂದಲು, ಫೋಟೊಗಳನ್ನು ತಂದರು. ಎಕ್ಸ್‌ರೇ ಎಲ್ಲಿಂದ ಬರಬೇಕು? ಹಲ್ಲಿನ ಡಾಕ್ಟರನ್ನೇ ಕಾಣದ ಊರಿನವರು. ಆದರೆ ನಗುತ್ತಿರುವ ಫೋಟೊ ಎಲ್ಲರ ಬಳಿಯೂ ಇತ್ತು. ನಗುವಿನಲ್ಲಿ ಕಾಣುವ ಮುಂದಿನ ಹಲ್ಲುಗಳ ಸಾಲು, ಓರೆ, ಸಂದು ಇವನ್ನು ಶವದ ಹಲ್ಲಿನೊಂದಿಗೆ ಹೋಲಿಸಬಹುದು. ನಮ್ಮ ತೋಟದಲ್ಲಿ ದುಡಿಯುವ ಹುಡುಗರ ಮೊಬೈಲುಗಳಲ್ಲೂ ಅಂಥ ಫೋಟೊಗಳು ತುಂಬಿವೆ, ಅವರ ಅಕ್ಕತಂಗಿಯರ ವಾಟ್ಸ್ಯಾಪಿನಲ್ಲೂ ಇವೆ.

ಇದೆಲ್ಲ ದೂರದ ಮಾತಲ್ಲ, ನಮ್ಮಲ್ಲೂ ಆಗುತ್ತದೆ ಎಂದು ಪಕ್ಕದ ಜಿಲ್ಲೆ ತೋರಿಸಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಮನುಷ್ಯರೂ ಲಾರಿಗಳೂ ಗಂಗಾವಳಿ ಹೊಳೆಯ ಪಾಲಾದರು. ಕೇರಳದ ಲಾರಿ ಚಾಲಕನೊಬ್ಬನ ಹುಡುಕಾಟ ಎರಡು ತಿಂಗಳು ಮೀರಿ ನಡೆಯಿತು. ಗೋವಾದಿಂದ ಡ್ರೆಜರ್ ತಂದು ಮಣ್ಣೆತ್ತಿದ ಮೇಲೆ ಸೆಪ್ಟೆಂಬರ್ 25ರಂದು ಲಾರಿಯ ಕ್ಯಾಬಿನ್ನಿನಲ್ಲೇ ದೇಹ ಸಿಕ್ಕಿತು. ಅವನು ಓಡಿಸುತ್ತಿದ್ದ ಲಾರಿಯೇ, ಅವನು ಕೂರುತ್ತಿದ್ದ ಕ್ಯಾಬಿನ್ನೇ. ಆದರೂ ಡಿಎನ್‌ಎ ಹೊಂದಿದ ಮೇಲೆಯೇ ಮನೆಯವರಿಗೆ ಒಪ್ಪಿಸಿದರು. ಹೀಗೆಯೇ ಆಗಬೇಕು. ಅದು ಸಾಧ್ಯವಾದದ್ದು ಒಂದು ಕುಟುಂಬ ಬಿಡದೆ ಪಟ್ಟು ಹಿಡಿದದ್ದರಿಂದ, ಎರಡು ರಾಜ್ಯಗಳ ಗಮನ ಅಲ್ಲಿ ನೆಟ್ಟಿದ್ದರಿಂದ. ಪಟ್ಟು ಹಿಡಿಯುವವರಿಲ್ಲದ ದೇಹಕ್ಕೂ ಅದೇ ಪದ್ಧತಿ ಸಿಗುವುದು ಯಾವಾಗ?

ಆಧಾರ್‌ಗೆ ಬೆರಳು ಹಾಕಿ ನೋಡಿದರಾಯಿತಲ್ಲ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. 2016ರ ಆಧಾರ್ ಕಾಯ್ದೆಯ 29ನೇ ಕಲಂ ಬೆರಳಚ್ಚು, ಕಣ್ಣಿನ ಪಾಪೆಯ ವಿವರಗಳನ್ನು ಯಾರಿಗೂ ಯಾವ ಕಾರಣಕ್ಕೂ ಕೊಡಬಾರದು ಎನ್ನುತ್ತದೆ. ಅನಾಥ ಶವಗಳ ವಿಷಯ ದೆಹಲಿ ಹೈಕೋರ್ಟಿಗೆ ಹೋದಾಗ, ಒಂದು ಅಚ್ಚನ್ನು ಇಡೀ ದೇಶದ ಅಚ್ಚುಗಳ ಜೊತೆ ತಾಳೆ ಹಾಕುವುದು ತಾಂತ್ರಿಕವಾಗಿ ಆಗದು ಎಂಬುದು ಆಧಾರ್ ಪ್ರಾಧಿಕಾರದ ನಿಲುವಾಗಿತ್ತು. ಡಿಎನ್‌ಎಗೆ ಒಂದು ದಾರಿ ತೆರೆಯುವಂತಿತ್ತು. ಲೋಕನೀತಿ ಫೌಂಡೇಶನ್ ಎಂಬ ಸಂಸ್ಥೆ ವಾರಸುದಾರರಿಲ್ಲದ ಶವಗಳ ಡಿಎನ್‌ಎ ದಾಖಲಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಸೂದೆ ತರುತ್ತೇವೆಂದು ಕೇಂದ್ರ ಹೇಳಿದ್ದರಿಂದ 2018ರಲ್ಲಿ ಆ ಅರ್ಜಿ ಮುಗಿಯಿತು. 2019ರಲ್ಲಿ ಲೋಕಸಭೆಗೆ ಬಂದ ಮಸೂದೆಯಲ್ಲಿ ಕಾಣೆಯಾದವರಿಗೊಂದು, ಗುರುತಿಲ್ಲದ ಮೃತರಿಗೊಂದು ಪ್ರತ್ಯೇಕ ಸೂಚಿ ಇತ್ತು. ಆರೋಪಿಗಳ ಡಿಎನ್‌ಎ ಸಂಗ್ರಹದ ಬಗ್ಗೆ ಎದ್ದ ಖಾಸಗಿತನದ ಆತಂಕ ನ್ಯಾಯವಾದದ್ದೇ. 2023ರಲ್ಲಿ ಸರ್ಕಾರ ಮಸೂದೆಯನ್ನು ಹಿಂದಕ್ಕೆ ಪಡೆಯಿತು. ಆತಂಕವಿದ್ದದ್ದು ಒಂದು ಭಾಗದ ಬಗ್ಗೆ, ಅದರ ಜೊತೆಗೆ ಯಾರ ತಕರಾರೂ ಅಷ್ಟಾಗಿ ಇಲ್ಲದ ಈ ಎರಡು ಸೂಚಿಗಳೂ ಹೋದವು. ಅವೆರಡನ್ನೇ ಬೇರೆ ಮಾಡಿ ತರಲು ಅಡ್ಡಿಯೇನೂ ಇಲ್ಲ.

ಹೆಸರು ಸಿಗದಿದ್ದರೆ ಏನಾಗುತ್ತದೆ? ಸತ್ತವರಿಗೆ ಏನೂ ಆಗುವುದಿಲ್ಲ ಎನ್ನುವವರಿದ್ದಾರೆ. ಉಳಿದವರಿಗೆ ಆಗುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರ ಸಮೇತ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣದಾಚೆ ಕಡಲ ತಳದಲ್ಲಿ ಅವಶೇಷ ಪತ್ತೆ ಮಾಡಿತು. ದೇಹಗಳು ಸಿಗಲಿಲ್ಲ. ಉಡುಪಿ, ಉತ್ತರ ಕನ್ನಡದ ಆ ಮನೆಗಳು ಆ ತಿಂಗಳುಗಳನ್ನು ಹೇಗೆ ಕಳೆದವೆಂದು ಕರಾವಳಿ ಕಣ್ಣಾರೆ ಕಂಡಿದೆ. ದೇಹವಿಲ್ಲದೆ ಕಾಣೆಯಾದವನನ್ನು ಸತ್ತನೆಂದು ಭಾವಿಸಲು ನಮ್ಮ ಸಾಕ್ಷ್ಯ ಕಾನೂನು ಸಾಮಾನ್ಯವಾಗಿ ಏಳು ವರ್ಷ ಕೇಳುತ್ತದೆ. ಅಲ್ಲಿಯವರೆಗೆ ಮರಣ ಪತ್ರಕ್ಕೆ, ಖಾತೆ ಬದಲಾವಣೆಗೆ, ವಿಮೆಗೆ, ವಿಧವಾ ವೇತನಕ್ಕೆ ಅಲೆದಾಟ. ಹಳೆಯ ಧರ್ಮಶಾಸ್ತ್ರಗಳು ಹನ್ನೆರಡು ವರ್ಷ ಕಾಯಲು ಹೇಳಿದ್ದವು. ಆಮೇಲೆ ಮುತ್ತುಗದ ಎಲೆತೊಟ್ಟು, ದರ್ಭೆಯಿಂದ ಆಕೃತಿ ಮಾಡಿ ಸುಡುವ ವಿಧಿ ಇದೆ. ದೇಹವಿಲ್ಲದ ಸಾವು ಮನೆಯೊಂದನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದು ನಮ್ಮ ಹಿರಿಯರಿಗೂ ಚೆನ್ನಾಗಿ ಗೊತ್ತಿತ್ತು. ಆ ಹುಲ್ಲಿನ ಆಕೃತಿ ಅವರು ಕಂಡುಕೊಂಡ ಬಿಡುಗಡೆ. ಆದರೆ ಶವಾಗಾರದಲ್ಲಿ ನಿಜವಾದ ದೇಹ ಮಲಗಿರುವಾಗ ಮನೆಯಲ್ಲಿ ಹುಲ್ಲಿನ ಆಕೃತಿಯನ್ನು ಸುಡುವಂತಾದರೆ ಅದು ನಮ್ಮ ಕಾಲಕ್ಕೆ ಕ್ಷಮೆಯಿಲ್ಲದ ಮಾತು.

ಮಾಡಬೇಕಾದದ್ದು ದುಬಾರಿಯೂ ಅಲ್ಲ. ಗುರುತಾಗದ ದೇಹವನ್ನು ಸುಡಬಾರದು, ಒಂದೊಂದಾಗಿ ಹೂಳಬೇಕು, ಯಾವ ದೇಹ ಎಲ್ಲಿದೆ ಎಂದು ಯುಡಿಆರ್ ಸಂಖ್ಯೆ ಸಮೇತ ಗುರುತು ನಿಲ್ಲಿಸಬೇಕು. ಹೂಳುವ ಮೊದಲು ಒಂದು ದವಡೆಹಲ್ಲು ಅಥವಾ ಮೂಳೆಯ ತುಣುಕು, ಹತ್ತೂ ಬೆರಳಿನ ಅಚ್ಚು, ಹಲ್ಲಿನ ಫೋಟೊ ತೆಗೆದಿಡಬೇಕು. ವಿವರವನ್ನು ಸ್ಥಳೀಯ ಪತ್ರಿಕೆಗೆ ಕೊಟ್ಟರೆ ಸಾಲದು. ದೇಶದ ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲದಲ್ಲಿ ಕಾಣೆಯಾದವರನ್ನೂ ಅಪರಿಚಿತ ಶವಗಳನ್ನೂ ಸಾರ್ವಜನಿಕರೇ ಹುಡುಕುವ ವ್ಯವಸ್ಥೆ ಇದೆ, ಅಲ್ಲಿಗೆ ಫೋಟೊ ಸಮೇತ ಅದೇ ವಾರ ಏರಬೇಕು. ದೂರು ಕೊಡುವ ಮನೆಯವರ ಹತ್ತಿರ ಅಂಗಿಯ ಬಣ್ಣ ಕೇಳಿ ನಿಲ್ಲಿಸದೆ ಹಲ್ಲು ಕಾಣುವ ಫೋಟೊ, ಹಳೆಯ ಮುರಿತ, ಆಪರೇಷನ್, ಹಚ್ಚೆ ಕೇಳಬೇಕು. ತಂದೆತಾಯಿಯ, ಇಲ್ಲವೇ ಮಕ್ಕಳ ರಕ್ತದ ಮಾದರಿ ಪಡೆಯುವುದು ಒಳ್ಳೆಯದು. ಅಣ್ಣತಮ್ಮಂದಿರ ಮಾದರಿಯಿಂದಲೂ ಆಗುತ್ತದೆ, ಆದರೆ ಹೋಲಿಕೆಯ ಬಲ ಕಡಿಮೆ. ಮನೆಯವರು ಗುವಾಹಟಿಯಲ್ಲಿದ್ದರೂ ರಾಂಚಿಯಲ್ಲಿದ್ದರೂ ಅಲ್ಲಿಯ ಆಸ್ಪತ್ರೆಯಲ್ಲೇ ಒಂದು ಹನಿ ರಕ್ತ ಕಾಗದಕ್ಕೆ ಒತ್ತಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬಹುದು.

ಉಳಿದದ್ದು ನಾವೇ, ತೋಟದವರು, ಮಾಡಬಹುದಾದ್ದು. ಅಡಿಕೆ ಕೊಯ್ಲಿಗೆ ತಂಡಗಳು ಬರುವ ಹೊತ್ತಿನಲ್ಲಿ ಪ್ರತಿ ಮನೆಯಲ್ಲೂ ಬಟವಾಡೆಯ ಪುಸ್ತಕವೊಂದು ತೆರೆದಿರುತ್ತದೆ. ಮೇಸ್ತ್ರಿಯ ಹೆಸರಿನ ಕೆಳಗೆ ಐದು, ಆರು ಆಳು ಎಂದು ಬರೆದು ಬಿಡುವ ಬದಲು ಒಬ್ಬೊಬ್ಬರ ಪೂರ್ತಿ ಹೆಸರು, ತಂದೆಯ ಹೆಸರು, ಊರು, ಅಲ್ಲಿಯ ಠಾಣೆ, ಮನೆಯ ಒಬ್ಬರ ಫೋನ್ ನಂಬರ್ ಅವರಿಂದಲೇ ಕೇಳಿ ಬರೆದುಕೊಳ್ಳಿ. ಅವರು ಒಪ್ಪಿದರೆ ನಿಮ್ಮ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸಂಜೆ ಹೊಳೆಗೆ ಹೋದವರು ರಾತ್ರಿಯೂಟಕ್ಕೆ ಬರದಿದ್ದರೆ ಮೊದಲು ಆ ನಂಬರಿಗೆ ಫೋನ್ ಮಾಡಿ, ಆಮೇಲೆ ಠಾಣೆಗೆ ಹೋಗಿ.